ನಕಲಿಲ್ಲದ ಕೀಲಿ

ಡಯಾಲಿಸಿಸ್ ಯಂತ್ರದ ಸಾಫ್ಟ್‌ವೇರಿಗಿಂತ ಅದಕ್ಕೆ ಸಹಿ ಹಾಕುವ ಕೀಲಿಗೇ ಯಂತ್ರ ತಯಾರಿಸುವ ಕಂಪನಿಯ ಮಾಲೀಕ ಚಿಣ್ಣಪ್ಪನವರು ಹೆಚ್ಚು ಹಣ ಸುರಿದಿದ್ದರು. ನೋಡಲು ಹೆಬ್ಬೆರಳಿನಷ್ಟು ಸಾಧನ. ಅದರ ಸಹಿ ಇಲ್ಲದ ಯಾವ ಸಾಫ್ಟ್‌ವೇರನ್ನೂ ಯಂತ್ರಗಳು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅದಕ್ಕೆ ನಕಲೇ ಇಲ್ಲವೆಂದು ಆಸ್ಪತ್ರೆಯವರ ಮುಂದೆ ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು.

ಆದರೆ ಕಳ್ಳ ಬಂದದ್ದು ಸಹಿಗೂ ಮೊದಲೇ. ಸಾಫ್ಟ್‌ವೇರ್ ಸಿದ್ಧವಾಗುವ ಕಂಪ್ಯೂಟರಿನೊಳಗೆ ಯಾವನೋ ನುಸುಳಿ ವಿಷದ ನಾಲ್ಕು ಸಾಲು ಸೇರಿಸಿದ್ದ. ತಿಳಿಯದೆ ಅದರ ಮೇಲೂ ಸಹಿ ಬಿದ್ದು, ಅದು ಎಲ್ಲ ಯಂತ್ರಗಳಿಗೂ ಹೋಗಿತ್ತು. ಬೆಳಗಿನಿಂದ ಊರೂರಿನ ಆಸ್ಪತ್ರೆಗಳಲ್ಲಿ ರೋಗಿಗಳ ರಕ್ತ ಅರ್ಧ ಶುದ್ಧಿಯಾಗುವಷ್ಟರಲ್ಲೇ ಯಂತ್ರಗಳು ನಿಲ್ಲುತ್ತಿದ್ದವು.

"ನಫೀಸಾ, ಸರಿಮಾಡೋಕೆ ಎಷ್ಟು ಹೊತ್ತು ಬೇಕಮ್ಮಾ?" ಸಾಫ್ಟ್‌ವೇರ್ ಬರೆಯುವ ಹುಡುಗಿಯನ್ನು ಚಿಣ್ಣಪ್ಪನವರು ಕೇಳಿದರು.

"ಸಂಜೆಯೊಳಗೆ ಮುಗಿಸ್ತೀನಿ ಸರ್. ನೀವಿಲ್ಲಿ ನಿಂತ್ರೆ ನನ್ನ ಕೈ ಓಡಲ್ಲ, ಹೋಗಿ ಊಟ ಮಾಡಿ."

ಅವರು ಊಟ ಬಿಟ್ಟು ತಮ್ಮ ಕೋಣೆಗೆ ಹೋದರು. ಫೋನು ಬಡಿದುಕೊಳ್ಳುತ್ತಲೇ ಇತ್ತು. ಕೈಕಟ್ಟಿ ಕೂರಲಾಗದೆ, ತಮ್ಮಿಂದಾಗುವ ಕೆಲಸವೊಂದನ್ನು ಮಾಡಿ ಮುಗಿಸಿದರು.

ಸಂಜೆ ನಫೀಸಾ ಓಡಿಬಂದಳು. "ಸರಿಹೋಯ್ತು ಸರ್! ಕೀಲಿ ಕೊಡಿ, ಸಹಿ ಹಾಕಿ ಕಳಿಸಿಬಿಡೋಣ."

"ಆ ಕೀಲಿ ಇನ್ಯಾಕಮ್ಮಾ? ಕಳ್ಳನ ಸಾಲುಗಳಿಗೂ ಸಹಿ ಹಾಕಿದ ಕೀಲೀನ ಯಾರಾದ್ರೂ ಇಟ್ಕೊಳ್ತಾರಾ? ಹೊಸದು ತರಿಸ್ತೀನಿ."

"ಹೊಸದರ ಗುರುತೇ ಯಂತ್ರಕ್ಕಿಲ್ಲ ಸರ್. ಆ ಗುರುತು ಹೇಳಿಕೊಡೋದಕ್ಕೂ ಹಳೆಯದೇ ಬೇಕು. ಎಲ್ಲಿದೆ ಅದು?"

ಚಿಣ್ಣಪ್ಪನವರು ಮೇಜಿನ ಮೇಲಿದ್ದ ಸುತ್ತಿಗೆಯನ್ನು ನೋಡಿದರು. ಅದರ ಪಕ್ಕದಲ್ಲಿದ್ದ ಕೀಲಿಯ ಪುಡಿಯನ್ನು ನೋಡಿದರು.

ಮದ್ದು ಸಿದ್ಧವಾಗಿತ್ತು, ಅದನ್ನು ಯಂತ್ರಗಳು ಇನ್ನೆಂದೂ ಒಳಗೆ ಬಿಟ್ಟುಕೊಳ್ಳುವಂತಿರಲಿಲ್ಲ.