ಮೊದಲಿಟ್ಟ ಹೆಸರು

ಈ ಪ್ರಸಂಗವನ್ನು ಮೊದಲು ಹೇಳಿದವನು ಖಾನಾಪುರದ ಜೀಪು ಚಾಲಕ ಶಿವಲಿಂಗ. ಹೇಳಿದ್ದು ಕಳೆದ ಕಾರ್ತಿಕ ಮಾಸದ ಒಂದು ಸಂಜೆ, ಬೆಳಗಾವಿಯ ವಡಗಾವಿಯಲ್ಲಿ, ತನ್ನ ಭಾವನ ಮಗ್ಗದ ಮನೆಯ ಕಟ್ಟೆಯ ಮೇಲೆ ಕುಳಿತು. ಕೇಳಿದವರು ಆ ದಿನದ ನೇಯ್ಗೆ ಮುಗಿಸಿ ಬಂದಿದ್ದ ಓಣಿಯ ನೇಕಾರರು. ದಸರೆ ಕಳೆದ ಮೇಲೆ ಅವನು ಜಾಂಬೋಟಿಯ ಕಾಡಿನ ಹಳ್ಳವೊಂದಕ್ಕೆ ಮೂವರನ್ನು ಕರೆದೊಯ್ದಿದ್ದ: ಸಸ್ಯಶಾಸ್ತ್ರದ ನಿವೃತ್ತ ಪ್ರಾಧ್ಯಾಪಕ ಗಜಾನನರು, ಅವರ ಪತ್ನಿ ಮಾಲಾ, ಅವರ ಶಿಷ್ಯೆ ಸಾಕ್ಷಿ. ಸಾಕ್ಷಿಯ ಮನಸ್ಸಿನಲ್ಲಿದ್ದುದನ್ನು ಆಕೆಯೇ ಆಮೇಲೆ ಅವನಿಗೆ ಹೇಳಿದಳಂತೆ.

ಮೊದಲೊಮ್ಮೆ ಒಬ್ಬಳೇ ಆ ಹಳ್ಳಕ್ಕೆ ಹೋಗಿ ನೋಡಿಬಂದಿದ್ದ ಸಾಕ್ಷಿಗೆ ತನ್ನ ಕಣ್ಣಿನ ಮೇಲೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆ ಹಳ್ಳದ ಬಂಡೆಯ ಮೇಲಿನ ಜರೀಗಿಡವನ್ನು ಹೊಸ ಪ್ರಭೇದವೆಂದು ಗಜಾನನರು ಬಹಳ ಹಿಂದೆ ಪ್ರಕಟಿಸಿ, ಅದಕ್ಕೆ ಹೆಂಡತಿಯ ಹೆಸರಿಟ್ಟಿದ್ದರು. ಅದೇ ಕುಲದಲ್ಲಿ ಅದಕ್ಕೂ ಮೊದಲೇ ಹೆಸರು ಪಡೆದಿದ್ದ ಇನ್ನೊಂದು ಪ್ರಭೇದದ ಎಲೆ ಈಟಿಯಂತೆ ಅಖಂಡವಾದದ್ದು; ಇದರ ಎಲೆ ಬೆರಳು ಬಿಡಿಸಿದ ಅಂಗೈಯಂತೆ ಸೀಳಿದ್ದು. ಬೆಳಗಾವಿಯ ಕೋಟೆಯ ಬಳಿಯ ಅವರ ಮನೆಗೆ ಯಾರೇ ಬರಲಿ, ಗೋಡೆಯ ಮೇಲಿನ ಆ ಗಿಡದ ಚಿತ್ರವನ್ನು, ಸಾಕ್ಷಿ ಕಾಕು ಎಂದು ಕರೆಯುತ್ತಿದ್ದ ಮಾಲಾ, ತೋರಿಸದೆ ಕಳಿಸುತ್ತಿರಲಿಲ್ಲ. ಹಬ್ಬಕ್ಕೊಂದು ಸೀರೆ ತರುವುದೂ ನೆನಪಾಗದ ಗಂಡ ತಾನಾಗಿ ಕೊಟ್ಟ ಕಾಣಿಕೆ ಅದೊಂದೇ. ಈಗ ಆ ಪ್ರಭೇದವೇ ಇಲ್ಲವೆಂದು ಸಾರುವ ಪ್ರಬಂಧ ಸಾಕ್ಷಿಯ ಬಳಿ ಸಿದ್ಧವಾಗಿತ್ತು. ಗುರುವಿಗೆ ಗಿಡವನ್ನೇ ತೋರಿಸಿ ಹೇಳಬೇಕೆಂದು ಬಂದವಳಿಗೆ, ಕಾಕುವೂ ಬುತ್ತಿ ಕಟ್ಟಿಕೊಂಡು ಜೀಪು ಹತ್ತಿದ್ದೇ ದೊಡ್ಡ ಸಂಕಟವಾಗಿತ್ತು.

ಎಲೆಯೊಂದನ್ನೇ ನಂಬಿ ಪ್ರಭೇದ ನಿರ್ಣಯಿಸಬಾರದೆಂದು ಆಕೆಗೆ ಕಲಿಸಿದವರು ಗಜಾನನರೇ. ಬಿಸಿಲು, ನೆರಳು, ತೇವಗಳಿಗೆ ತಕ್ಕಂತೆ ಎಲೆ ವೇಷ ಬದಲಿಸುತ್ತದೆ. ಅದರ ಬೆನ್ನಿನ ಮೇಲೆ ಬೀಜಕಗಳ ಗೂಡುಗಳು ಹೇಗೆ ಸಾಲುಗಟ್ಟಿವೆ, ಕಾಂಡಕ್ಕಂಟಿದ ಹೊಟ್ಟಿನಂಥ ಪೊರೆಗಳ ಆಕಾರವೇನು, ಸೂಕ್ಷ್ಮದರ್ಶಕದ ಕೆಳಗೆ ಬೀಜಕದ ಮೈ ಹೇಗೆ ಕಾಣುತ್ತದೆ ಎಂಬುದನ್ನೆಲ್ಲ ಕೂಡಿಸಿ ನೋಡಬೇಕು. ಆದರೆ ಗಜಾನನರಿಗೆ ಒಂದು ವ್ರತವಿತ್ತು. ಅಪರೂಪದ ಗಿಡದ ಬುಡಕ್ಕೆ ಅವರು ಕೈ ಹಚ್ಚುತ್ತಿರಲಿಲ್ಲ; ಒಂದೆರಡು ಎಲೆ ಕತ್ತರಿಸಿ, ಕಾಗದದ ನಡುವೆ ಒತ್ತಿ ಒಣಗಿಸಿ, ಉಳಿದದ್ದನ್ನು ಹಳ್ಳಕ್ಕೇ ಬಿಟ್ಟು ಬರುತ್ತಿದ್ದರು. ಪಾಚಿಯ ಅಡಿಯಲ್ಲಿ ಹಬ್ಬಿದ್ದ ಕಾಂಡವನ್ನು ಆ ಕರುಣೆಯೇ ಅವರಿಂದ ಮರೆಮಾಡಿತ್ತು.

ಸಾಕ್ಷಿ ಬಂಡೆಯ ಪಾಚಿಯನ್ನು ಚಾಪೆ ಸುತ್ತುವಂತೆ ಮೆಲ್ಲನೆ ಸರಿಸಿದಳು. ಒಂದೇ ಕಾಂಡ. ನೀರು ಸಿಡಿಯುವ ಕಡೆ ಅದರಿಂದ ಸೀಳೆಲೆ ಎದ್ದಿತ್ತು. ಗೇಣುದ್ದ ಆಚೆ, ಬಂಡೆಯ ಒಣ ಮಗ್ಗುಲಲ್ಲಿ, ಅಖಂಡ ಎಲೆ.

“ಸರ್, ಎರಡೂ ಒಂದ ಗಿಡದ್ದು ಅದಾವ್ರಿ,” ಎಂದಳು.

ಗಜಾನನರು ಮೊಣಕಾಲೂರಿ, ಭೂತಗನ್ನಡಿ ಹಿಡಿದು, ಕಾಂಡವನ್ನು ಈ ತುದಿಯಿಂದ ಆ ತುದಿಯವರೆಗೆ ಹೆಬ್ಬೆರಳಿನಿಂದ ಸವರಿದರು. ತಲೆಯೆತ್ತಿದಾಗ ಮುಖದಲ್ಲಿ ಸೋಲಿನ ಛಾಯೆಯಿರಲಿಲ್ಲ. ತರಗತಿಯಲ್ಲಿ ನಿಂತವರ ಹಳೆಯ ಗತ್ತೇ ಇತ್ತು.

“ಖರೇ ಐತಿ. ನಮ್ಮ ಕಾಯ್ದೆ ಗೊತ್ತೈತೆಲ್ಲ? ಒಂದ ಪ್ರಭೇದಕ್ಕ ಎರಡ ಹೆಸರ ಬಿದ್ದಿದ್ರ, ಮೊದಲ ಇಟ್ಟದ್ದ ನಿಲ್ಲತೈತಿ. ಆಮ್ಯಾಲಿಂದು ಬೀಳತೈತಿ. ಬರದ ಕಳಿಸು.”

ಅಷ್ಟು ಹೇಳಿದವರಿಗೂ ಹೆಂಡತಿಯ ಕಡೆ ನೋಡುವ ಧೈರ್ಯ ಬರಲಿಲ್ಲ. ನೀರಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ ಮಾಲಾ ಕಾಕು, ಏನಾಯಿತೆಂದು ಸಾಕ್ಷಿಯನ್ನೇ ಕೇಳಿದರು. ಸಾಕ್ಷಿ ಸುತ್ತಿ ಬಳಸದೆ ಹೇಳಿದಳು: ಇನ್ನು ಮುಂದೆ ಆ ಗಿಡಕ್ಕೆ ಕಾಕುವಿನ ಹೆಸರು ಇರುವುದಿಲ್ಲ. ಕಾಕು ರೊಟ್ಟಿಯ ಗಂಟನ್ನು ಬಿಚ್ಚುತ್ತ, ಆ ಕಾಯ್ದೆಯನ್ನು ಇನ್ನೊಮ್ಮೆ ಹೇಳಿರೆಂದು ಗಂಡನನ್ನು ಕೇಳಿದರು. ಅವರು ಹೇಳಿದರು.

“ಹಂಗಾರ ಕೇಳ್ರಿ. ನಮ್ಮಪ್ಪ ನನಗ ಇಟ್ಟದ್ದು ಸಾತವ್ವ ಅಂತ. ಲಗ್ನದ ದಿನ ಹರಿವಾಣದ ಅಕ್ಕಿಯೊಳಗ ಉಂಗುರದ್ಲೆ ಮಾಲಾ ಅಂತ ಬರದವರು ನೀವು. ಗಿಡಕ್ಕೂ ಅದನ್ನ ಇಟ್ರಿ. ಗಿಡದ್ದು ಇವತ್ತ ಬಿತ್ತು. ನಂದೂ ಇವತ್ತ ಬೀಳಲಿ.”

ಗಜಾನನರು ನಕ್ಕು ತೇಲಿಸಲು ನೋಡಿದರು. ಓಣಿಯವರು, ಬ್ಯಾಂಕಿನವರು, ಮೊಮ್ಮಕ್ಕಳು, ಎಲ್ಲರ ಬಾಯಲ್ಲೂ ಮಾಲಾ ಎಂದೇ ಇದೆಯಲ್ಲ ಎಂದರು.

“ಭಾಳ ಮಂದಿ ಕರದ್ರ ಆಮ್ಯಾಲಿನ ಹೆಸರ ನಿಲ್ಲತೈತೇನು? ನೀನ ಹೇಳ ತಂಗಿ.”

ತೀರ್ಪು ತನ್ನ ಪಾಲಿಗೆ ಬಂದದ್ದು ಕಂಡು ಸಾಕ್ಷಿ ಗುರುವಿನ ಮುಖ ನೋಡಿದಳು. ಅವಳ ಬೆರಳಿಗೆ ಇನ್ನೂ ಪಾಚಿ ಅಂಟಿತ್ತು.

“ಇಲ್ರಿ ಕಾಕೂ,” ಎಂದಳು. “ಮೊದಲ ಇಟ್ಟದ್ದ ನಿಲ್ಲತೈತಿ.”

ಮೂವರೂ ರೊಟ್ಟಿ ತಿಂದು ಜೀಪು ಹತ್ತಿದರು. ಖಾನಾಪುರದ ಬಸ್‌ಸ್ಟ್ಯಾಂಡಿನ ಎದುರು ಶಿವಲಿಂಗ ಜೀಪು ನಿಲ್ಲಿಸಿದಾಗ, ಮುಂದಿನ ಸೀಟಿನಲ್ಲಿದ್ದ ಗಜಾನನರು ಹಿಂದಕ್ಕೆ ತಿರುಗಿ, “ಸಾತವ್ವಾ, ಚಾ ಕುಡೀತೀಯೇನ?” ಎಂದು ಕೇಳಿದರು. ಕಿಟಕಿಯಾಚೆ ನೋಡುತ್ತ ಕುಳಿತಿದ್ದ ಆಕೆಗೆ, ಕರೆದದ್ದು ತನ್ನನ್ನೇ ಎಂದು ಹೊಳೆಯಲಿಲ್ಲ. ಅವರು ಇನ್ನೊಮ್ಮೆ ಕರೆದರು. ಆಗ ಹೊರಳಿ, ಸಕ್ಕರೆ ಕಡಿಮೆ ಹಾಕಿಸಿ ಎಂದರು ಸಾತವ್ವ.

ಶಿವಲಿಂಗನ ಮಾತು ಅಲ್ಲಿಗೆ ನಿಂತಿತು. ಕೇಳುತ್ತಿದ್ದವರು ಧೋತರ ಕೊಡವಿಕೊಂಡು ಎದ್ದು ಮನೆಗಳತ್ತ ಹೊರಟರು. ಓಣಿಯ ತಿರುವಿನಲ್ಲಿ ಅವರಲ್ಲೊಬ್ಬನಾದ ಭರಮಣ್ಣ ನಿಂತು, ಮದುವೆಗೆ ಮೊದಲು ತನ್ನ ಹೆಂಡತಿಯ ಹೆಸರು ಏನಿತ್ತೆಂದು ಜೊತೆಯವರನ್ನು ಕೇಳಿದ. ಯಾರಿಗೂ ನೆನಪಿರಲಿಲ್ಲ.