ಚಡ್ಡಿಯ ಒಳಕಿಸೆ

ಪರೀಕ್ಷಾ ಶುಲ್ಕ ಕಟ್ಟಲು ಅಂದೇ ಕೊನೆಯ ದಿನ. ನಾಲ್ಕು ಸಾವಿರ ರೂಪಾಯಿಯನ್ನು ಪ್ಯಾಂಟಿನ ಹಿಂದಿನ ಕಿಸೆಗೆ ತುರುಕಿಕೊಂಡು ಬಸ್ಸಿನ ಕಿಟಕಿ ಪಕ್ಕ ಕೂತಿದ್ದೆ. ಟಿಕೆಟಿಗೆಂದು ಅದರಿಂದ ತೆಗೆದುಕೊಟ್ಟ ಐನೂರರ ನೋಟನ್ನು ಕಂಡಕ್ಟರ್ ಮುಟ್ಟಲೇ ಇಲ್ಲ. ನೋಟು ನಡುವೆ ಹರಿದಿತ್ತು. ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿದ್ದೆ.

"ಇದನ್ನ ದವಾಖಾನಿಗೆ ಒಯ್ಯಪಾ," ಎಂದ.

ಅದನ್ನು ಮತ್ತೆ ಹಿಂದಿನ ಕಿಸೆಗೆ ಸೇರಿಸಿ, ಅಂಗಿ ಕಿಸೆಯ ಚಿಲ್ಲರೆ ಕೊಟ್ಟೆ.

ಪಕ್ಕದಲ್ಲಿದ್ದ ಧೋತರದ ಅಜ್ಜ ನಕ್ಕ. "ತಮ್ಮಾ, ಕುಂಡಿ ಮ್ಯಾಲೆ ಯಾರರ ರೊಕ್ಕ ಇಡತಾರೇನು? ನಂದು ಚಡ್ಡಿ ಒಳಕಿಸೇದಾಗ ಇರತೈತಿ. ಅಲ್ಲಿ ಕೈ ಹಾಕಾಕ ಕಳ್ಳಗೂ ನಾಚಿಕಿ."

"ಟಿಕೆಟ್, ಯಜ್ಜಾ," ಎಂದ ಕಂಡಕ್ಟರ್.

"ಧೋತರ ಎತ್ತಬೇಕಪಾ. ಇಬ್ರೂ ಒಂದೀಟು ಆಕಡೆ ನೋಡ್ರಿ."

ಕಂಡಕ್ಟರ್ ಚಾವಣಿ ನೋಡಿದ. ನಾನು ಅಜ್ಜನಿಗೆ ಪೂರ್ತಿ ಬೆನ್ನು ತಿರುಗಿಸಿ ಕಿಟಕಿಗೆ ಮುಖ ಅಂಟಿಸಿದೆ. ಅಜ್ಜ ಬಹಳ ಹೊತ್ತು ತಡಕಾಡಿದ.

"ಸಿಕ್ತೇನು?" ಎಂದ ಕಂಡಕ್ಟರ್.

"ಗುಂಡಿ ಬಿಗಿ ಐತಿ. ಹಾಂ, ಬಂತು."

ಮುಂದಿನ ಸ್ಟಾಪಿನಲ್ಲಿ ಅಜ್ಜ ನನ್ನ ತಲೆ ಸವರಿ, "ಹುಷಾರು ತಮ್ಮಾ," ಎಂದು ಇಳಿದ.

ಬಸ್ಸು ಹೊರಟ ಮೇಲೆ ಕಂಡಕ್ಟರ್ ಒಂದು ನೋಟನ್ನು ಎರಡೇ ಬೆರಳಲ್ಲಿ ಹಿಡಿದು ನನ್ನ ಮುಂದೆ ಆಡಿಸಿದ. "ಅಜ್ಜಂದೂ ನಿನ್ನಂಗ ಪ್ಲಾಸ್ಟರ್ ನೋಟ. ಆದ್ರ ಚಡ್ಡಿಯಿಂದ ತಗದಿದ್ದನ್ನ ಹೊಳ್ಳಿ ಒಳಗ ಹಾಕು ಅಂತ ಹೆಂಗ ಹೇಳ್ಲಿ?"