ಬಾನೆಟ್ ಮುಟ್ಟದ ಮನುಷ್ಯ

ಬ್ಯಾಟರಿ ಮತ್ತೆ ಸತ್ತಿತ್ತು.

ವೈರಿಂಗಿನವನು ಟ್ರ್ಯಾಕ್ಟರಿನ ಕ್ಯಾಬಿನ್ನಿನಲ್ಲಿ ಕುಳಿತು ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತಿದ. ತಾನೇ ಕೂರಿಸಿದ್ದ ಛಾವಣಿಯ ದೀಪಗಳು ಆರುವ ಕೆಂಡದಂತೆ ಮಿಣುಕಿದವು. ರೇಡಿಯೊ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಕೆಳಗೆ ಮನೆಯಾಕೆ ಒದ್ದೆ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು.

"ನಿಮ್ಮ ಕೈಲಿ ಆಗುತ್ತಾ ಅಣ್ಣಾ, ಇಲ್ವಾ? ಒಂದು ಮಾತು ಹೇಳಿಬಿಡಿ." ಬೈದದ್ದೂ ಪಿಸುದನಿಯಲ್ಲೇ.

ಬೈಗುಳ ಅವನಿಗೆ ದೊಡ್ಡದಲ್ಲ. ಬೋರ್ಡು ದೊಡ್ಡದು. ತಾನು ಎಳೆದ ತಂತಿ ಎಂದಾದರೂ ಕೈಕೊಟ್ಟರೆ ಅಂಗಡಿಯ ಬೋರ್ಡನ್ನೇ ಇಳಿಸುತ್ತೇನೆ ಎಂದು ಅವನು ಬೀದಿಗೆಲ್ಲ ಕೇಳುವಂತೆ ಹೇಳಿಬಿಟ್ಟಿದ್ದ. ಅದೇ ಅಂಗಡಿಯ ಇನ್ನರ್ಧದಲ್ಲಿ ಅವನ ಹೆಂಡತಿಯ ಅಣ್ಣ, ಮೆಕ್ಯಾನಿಕ್ ಭಾವ, ಬೋರ್ಡು ಇಳಿಸಲೆಂದೇ ಏಣಿಯನ್ನು ಒರೆಸಿ ಗೋಡೆಗೆ ಒರಗಿಸಿಟ್ಟಿದ್ದ.

ಇಬ್ಬರ ನಡುವೆ ನೆಲದ ಮೇಲೊಂದು ಸೀಮೆಸುಣ್ಣದ ಗೆರೆ. ಹಳೆಯ ಜಗಳವೊಂದರ ರಾಜಿ ಅದು. ಭಾವ ತಂತಿ ಮುಟ್ಟುವುದಿಲ್ಲ. ಇವನು ಬಾನೆಟ್ ಎತ್ತುವುದಿಲ್ಲ. ಕಾಲ ಕಳೆದಂತೆ ರಾಜಿ ವ್ರತವಾಯಿತು. ಬಾನೆಟ್ ತೆರೆದಿರುವ ಗಾಡಿಯ ಎದುರು ಹಾಯಬೇಕಾದರೂ ಇವನು ಮುಖ ತಿರುಗಿಸಿಕೊಂಡೇ ನಡೆಯುತ್ತಿದ್ದ.

ಈ ಟ್ರ್ಯಾಕ್ಟರಿನ ಕೆಲಸವೂ ಮೊದಲಿನಿಂದಲೇ ವಿಚಿತ್ರ. ಎಲ್ಲರೂ ದೀಪಗಳನ್ನು ನೆಲದ ಕಡೆಗೆ ಬಗ್ಗಿಸಿ ಎನ್ನುತ್ತಾರೆ. ಈಕೆ ಒಂದನ್ನು ಬಟ್ಟೆ ಒಣಹಾಕುವ ಹಗ್ಗದ ಕಡೆಗೂ ಇನ್ನೊಂದನ್ನು ಅಡುಗೆಮನೆಯ ಬಾಗಿಲಿಗೂ ತಿರುಗಿಸಿದ್ದಳು. ಎಲ್ಲರೂ ಜೋರಾದ ಹಾರನ್ ಕೇಳುತ್ತಾರೆ. ಈಕೆ ಇದ್ದ ಹಾರನ್ನಿನ ತಂತಿಯನ್ನೂ ಕತ್ತರಿಸಿ ಹಾಕಿಸಿದ್ದಳು. ಸೀಟಿನ ಪಕ್ಕ ಓದಲೊಂದು ದೀಪ, ಸಣ್ಣ ದನಿಯ ರೇಡಿಯೊ, ಕಿಟಕಿಗೆ ಪರದೆ. ಕೊನೆಗೆ, "ಹಾಗೇ ಒಂದು ತೆಳು ತಂತಿ ಮುಂದಕ್ಕೂ ತೂರಿಸಿಬಿಡಿ. ಮುಂದೆ ಸೆಕೆ ಜಾಸ್ತಿ. ಫ್ಯಾನ್ ನಾನೇ ಸಿಕ್ಕಿಸ್ಕೋತೀನಿ" ಎಂದಿದ್ದಳು. ಎಂಜಿನ್ನಿನ ಸೆಕೆಯ ಬಗ್ಗೆ ಇಷ್ಟು ಕಾಳಜಿಯ ಹೆಂಗಸನ್ನು ಅವನು ನೋಡಿರಲಿಲ್ಲ.

ಎಲ್ಲ ಮುಗಿಸಿ ಹೋಗಿದ್ದ. ಬ್ಯಾಟರಿ ಸತ್ತಿತು. ಒಯ್ದು ಚಾರ್ಜ್ ಮಾಡಿ ತಂದಿಟ್ಟ. ಮತ್ತೆ ಸತ್ತಿತು. ಈಗ ಮತ್ತೊಮ್ಮೆ.

"ಅಲ್ಲ ಅಕ್ಕಾ, ಟ್ರ್ಯಾಕ್ಟರ್ ಓಡ್ತಿದ್ರೆ ಬ್ಯಾಟರಿ ತಾನಾಗೇ ತುಂಬ್ಕೋಬೇಕು. ಎಂಜಿನ್ ದಿನಾ ಓಡುತ್ತಾ?"

"ಓಡದೇ ಏನು? ನಮ್ಮ ಮನೆ ನಡೀತಿರೋದೇ ಆ ಎಂಜಿನ್ನಿಂದ."

"ಹಾಗಾದ್ರೆ ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ. ಹೊಸ ಬ್ಯಾಟರಿ ತಂದಿದ್ದೀನಿ."

"ಶ್!" ಆಕೆಯ ಮುಖ ಬಿಳಿಚಿಕೊಂಡಿತು. "ಮಗು ಈಗ ತಾನೆ ಮಲಗಿದೆ ಅಣ್ಣಾ. ಎಷ್ಟು ತಟ್ಟಿದ್ದೀನೋ ನನಗೇ ಗೊತ್ತು."

ಬಂದಾಗಲೆಲ್ಲ ಇದೇ ಮಾತು. ಈ ಮನೆಯ ಮಗು ಇವನ ಕೆಲಸದ ಹೊತ್ತಿಗೆ ಸರಿಯಾಗಿ ಮಲಗುತ್ತಿತ್ತು. ಹಿತ್ತಲಲ್ಲಿ ಗಂಡನ ಹಿಟ್ಟಿನ ಗಿರಣಿ ಬಡಿದುಕೊಳ್ಳುತ್ತಿತ್ತು. ಅಡುಗೆಮನೆಯ ತಟ್ಟೆ ಲೋಟಗಳೆಲ್ಲ ಹಲ್ಲು ಕಡಿಯುತ್ತಿದ್ದವು. ಆ ಗದ್ದಲದ ಮನೆಯಲ್ಲಿ ಮಲಗಿದ ಮಗುವಿಗೆ ಅಂಗಳದ ಟ್ರ್ಯಾಕ್ಟರಿನ ಸದ್ದು ಯಾವ ಲೆಕ್ಕ? ಆದರೂ ತಾಯಿಯ ಮಾತು. ಅವನು ಕೀಲಿಯಿಂದ ಕೈ ತೆಗೆದ.

ಅಂಗಡಿಗೆ ಹೋಗಿ ಗೆರೆಯ ಈಚೆಯಿಂದಲೇ ಕೇಳಿದ. "ಭಾವಾ, ಆ ಗಿರಣಿಯವರ ಟ್ರ್ಯಾಕ್ಟರಿನ ಎಂಜಿನ್ ಹೇಗಿದೆ?"

"ಗುಂಡುಕಲ್ಲಿನ ಹಾಗಿದೆ. ನನ್ನ ಕೈಯಾರೆ ಕೂರಿಸಿದ್ದು. ನೀನು ಅಲ್ಲಿಗೆ ಹೋದಾಗ್ಲೆಲ್ಲ ಸದ್ದು ಕೇಳ್ತಾನೇ ಇರ್ತೀಯಲ್ಲ!"

"ಒಂದು ದಿನವೂ ಕೇಳಿಲ್ಲ."

"ಹಾಗಾದ್ರೆ ಕಿವಿಗೂ ವೈರಿಂಗ್ ಮಾಡಿಸ್ಕೋ." ಭಾವ ಏಣಿಯನ್ನು ಎತ್ತಿ ಹೆಗಲಿಗಿಟ್ಟುಕೊಂಡ. "ಸುತ್ತಿ ಬಳಸಿ ಯಾಕೆ? ತಂತಿ ನಿನ್ನದು, ತಪ್ಪು ನಿನ್ನದು. ಬೋರ್ಡು ನೀನು ಇಳಿಸ್ತೀಯೋ, ನಾನು ಇಳಿಸ್ಲೋ?"

ವೈರಿಂಗಿನವನಿಗೆ ಕಿವಿಯೆಲ್ಲ ಬಿಸಿಯಾಯಿತು. ಬೋರ್ಡಿನ ಒಂದೊಂದು ಅಕ್ಷರವನ್ನೂ ಅವನ ಹೆಂಡತಿ ಕೂತು ಬರೆದಿದ್ದಳು. ಅವನು ಬಂದ ದಾರಿಯಲ್ಲೇ ವಾಪಸು ನಡೆದ.

ಮನೆಯಾಕೆ ಬಟ್ಟೆ ಹರವುತ್ತಿದ್ದಳು. ಅವನು ಕ್ಯಾಬಿನ್ನಿನ ಮೆಟ್ಟಿಲ ಕೆಳಗಿನ ಪೆಟ್ಟಿಗೆಯಲ್ಲಿ ಹೊಸ ಬ್ಯಾಟರಿ ಕೂರಿಸಿದ. ದೀಪ ಹೊಳೆಯಿತು, ರೇಡಿಯೊ ಹಾಡಿತು. ಫ್ಯೂಸು, ಜೋಡಣೆ, ಅರ್ಥಿಂಗ್, ಎಲ್ಲ ಮತ್ತೆ ತಡವಿದ. ಒಂದು ಎಳೆಯೂ ಸಡಿಲವಿಲ್ಲ. ತಂತಿಯಲ್ಲಿ ತಪ್ಪಿಲ್ಲದಿದ್ದರೆ ತಪ್ಪು ಗೆರೆಯ ಆಚೆ ಇರಬೇಕು.

ಅವನು ಟ್ರ್ಯಾಕ್ಟರಿನ ಮುಂದಕ್ಕೆ ಬಂದು ನಿಂತ. ಅದರ ಹೊಟ್ಟೆಯ ಕೆಳಗೆ ಕಲ್ಲುಗಳನ್ನು ಪೇರಿಸಿ ಆಸರೆ ಕೊಟ್ಟಿದ್ದರು. ಉರುಳದಿರಲೆಂದು ಇರಬೇಕು, ಅಂದುಕೊಂಡ. ಮದುವೆಯಾದಾಗಿನಿಂದ ಕಾಪಾಡಿಕೊಂಡು ಬಂದ ಮಾತನ್ನು ಇವತ್ತು ಮುರಿಯಲೇಬೇಕಿತ್ತು. ಕಣ್ಣು ಮುಚ್ಚಿ ಬಾನೆಟ್ಟಿನ ಕೊಂಡಿಗೆ ಕೈ ಹಾಕಿದ.

"ಅಣ್ಣಾ, ಬೇಡ!" ಆಕೆ ಕೈಯಲ್ಲಿದ್ದ ಅಂಗಿಯನ್ನು ಅಲ್ಲೇ ಬಿಟ್ಟು ಓಡಿಬಂದಳು. "ದಮ್ಮಯ್ಯ, ಈಗ ತಾನೆ..."

ಬಾನೆಟ್ ಆಗಲೇ ಮೇಲೆದ್ದಿತ್ತು.

ಎಂಜಿನ್ ಹಿತ್ತಲಿನಲ್ಲಿ ಹಿಟ್ಟು ಬೀಸುತ್ತಿತ್ತು. ಅದು ಇರಬೇಕಾದ ಜಾಗದಲ್ಲಿ, ಮೆತ್ತನೆಯ ದುಪ್ಪಟಿಯ ಮೇಲೆ, ಅವನೇ ಎಳೆದ ತೆಳು ತಂತಿಯ ಪುಟ್ಟ ಫ್ಯಾನಿನ ಗಾಳಿಗೆ ಮುಂಗೂದಲು ಹಾರಿಸಿಕೊಂಡು, ಮಗು ಹೆಬ್ಬೆರಳು ಚೀಪುತ್ತಾ ಮಲಗಿತ್ತು.